ಹಳೆ ಬಂಗಾರ ಕೊಂಡಾಗ ತೆರಿಗೆ ಲೆಕ್ಕ ಇಡುವುದು ಹೇಗೆ?

ಶಿರಸಿ, ಕುಮಟಾ, ಕಾರವಾರದಂಥ ಊರುಗಳ ಸಣ್ಣ ಬಂಗಾರದಂಗಡಿಗಳಲ್ಲಿ ನಾಣ್ಯ, ಬಿಸ್ಕತ್ತು ಮಾರಿದ ಲೆಕ್ಕ ಅಷ್ಟಾಗಿ ತಪ್ಪುವುದಿಲ್ಲ. ಎಡವಟ್ಟಾಗುವುದು ಗಿರಾಕಿಯ ಹಳೆ ಬಂಗಾರ ಗಲ್ಲಾಪೆಟ್ಟಿಗೆಯ ಮುಂದೆ ಬಂದಾಗ.

ಮೊದಲು ನೋಂದಣಿ. ಬರೀ ಸರಕು ಮಾರುವವರಿಗೆ ಜಿಎಸ್‌ಟಿ ಮಿತಿ ವರ್ಷಕ್ಕೆ 40 ಲಕ್ಷ ರೂ. ವಹಿವಾಟು. ಗಿರಾಕಿಯ ಬಂಗಾರದಲ್ಲೇ ಒಡವೆ ಮಾಡಿಕೊಟ್ಟು ಮಜೂರಿ ಪಡೆಯುವುದು ಸೇವೆಯಾದ್ದರಿಂದ, ಅದೂ ಇದ್ದರೆ ಮಿತಿ 20 ಲಕ್ಷ. ಮಾರಾಟದ ಮೇಲೆ ತೆರಿಗೆ ಶೇ 3.

ಇನ್ನು ಹಳೆ ಬಂಗಾರ. ಮನೆಯ ಒಡವೆ ಮಾರುವ ಗಿರಾಕಿ ವ್ಯಾಪಾರಿಯಲ್ಲ. ಆ ಖರೀದಿಗೆ ನೀವು ಜಿಎಸ್‌ಟಿ ಕಟ್ಟಬೇಕಿಲ್ಲ. ಆದರೆ ಖರೀದಿ ಚೀಟಿ ಬೇಕೇ ಬೇಕು. ಅದರಲ್ಲಿ ಒಟ್ಟು ತೂಕ, ಕಲ್ಲು-ಅರಗಿನ ತೂಕ, ನಿವ್ವಳ ತೂಕ, ಪರೀಕ್ಷೆಯಲ್ಲಿ ಬಂದ ಶುದ್ಧತೆ, ಅಂದಿನ ದರ, ಮಾರಿದವರ ಸಹಿ, ಗುರುತಿನ ಚೀಟಿಯ ವಿವರ ಇಷ್ಟೂ ಇರಲಿ. ಉದಾಹರಣೆಗೆ, 11.400 ಗ್ರಾಂ ಸರದಲ್ಲಿ ಕಲ್ಲು-ಅರಗು 0.900 ಹೋದರೆ ನಿವ್ವಳ 10.500, ಶುದ್ಧತೆ ಶೇ 88 ಬಂದರೆ ಅಪ್ಪಟ ಚಿನ್ನ 9.240 ಗ್ರಾಂ. ಸರಾಸರಿ ‘916’ (ಶೇ 91.6 ಶುದ್ಧತೆ) ಎಂದು ಬರೆದುಬಿಟ್ಟರೆ ಕರಗಿಸಿದ ಮೇಲೆ ದಾಸ್ತಾನಿಗೂ ಪುಸ್ತಕಕ್ಕೂ ತಾಳೆಯಾಗುವುದಿಲ್ಲ.

ಹಣ ಬ್ಯಾಂಕಿನ ಮೂಲಕವೇ ಕೊಡಿ. ಒಬ್ಬರಿಗೆ ಒಂದೇ ದಿನ 10,000 ರೂ.ಗಿಂತ ಹೆಚ್ಚು ನಗದು ಕೊಟ್ಟರೆ ಆದಾಯ ತೆರಿಗೆಯಲ್ಲಿ ಅದನ್ನು ಖರ್ಚೆಂದು ಒಪ್ಪುವುದಿಲ್ಲ. 90,000 ನಗದು ಕೊಟ್ಟು ಕೊಂಡದ್ದನ್ನು 91,000ಕ್ಕೆ ಮಾರಿದರೆ ಕೈಗೆ ಉಳಿದದ್ದು ಸಾವಿರ, ಆದರೆ ಆದಾಯ ತೆರಿಗೆಯ ಲೆಕ್ಕದಲ್ಲಿ ಲಾಭ 91,000 ಆಗಿ ನಿಲ್ಲುತ್ತದೆ. ಅಡಿಕೆ ಕೊನೆಕೊಯ್ಲಿನ ಖರ್ಚಿಗೆ ರೊಕ್ಕವೇ ಬೇಕೆಂದು ಗಿರಾಕಿ ಹಟ ಹಿಡಿದರೂ ಬಗ್ಗಬೇಡಿ.

ಕೊಂಡ ಒಡವೆಯನ್ನು ಮೆರುಗು ಹಾಕಿ ಹಾಗೇ ಮಾರಿದರೆ ಜಿಎಸ್‌ಟಿ ಲಾಭದ ಅಂತರಕ್ಕೆ ಮಾತ್ರ: 90,000ಕ್ಕೆ ಕೊಂಡು ಲಕ್ಷಕ್ಕೆ ಮಾರಿದರೆ 10,000ದ ಶೇ 3, ಅಂದರೆ 300 ರೂ. ಕರಗಿಸಿ ಗಟ್ಟಿ ಮಾಡಿದರೆ ಈ ಸವಲತ್ತು ಹೋಯಿತು. ಪೂರ್ತಿ ಬೆಲೆಗೆ ತೆರಿಗೆ. ಹಾಗಾಗಿ ಎರಡಕ್ಕೂ ಬೇರೆ ಬೇರೆ ರಿಜಿಸ್ಟರ್ ಇಡಿ.

ಬದಲಿ ವ್ಯಾಪಾರದಲ್ಲಿ ಹೆಚ್ಚಿನವರು ತಪ್ಪುವುದು ಇಲ್ಲಿ: ಹೊಸ ಒಡವೆ 2,00,000, ಹಳೆಯದಕ್ಕೆ 80,000 ಕಳೆದರೆ, ಉಳಿದ 1,20,000ಕ್ಕೆ ತೆರಿಗೆ ಹಾಕುತ್ತಾರೆ. ಹಾಕಬೇಕಾದ್ದು ಪೂರ್ತಿ 2,00,000ಕ್ಕೆ, 6,000 ರೂ. ಹಳೆಯದರ ಖರೀದಿ ಚೀಟಿ ಬೇರೆ, ಮಾರಾಟದ ಬಿಲ್ ಬೇರೆ.

ಮಾರಾಟದಲ್ಲಿ ಒಬ್ಬರಿಂದ 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆದರೆ ಪಡೆದಷ್ಟೇ ದಂಡ ಬೀಳಬಹುದು. ಒಂದೇ ಮದುವೆಗೆ ನಾಲ್ಕು ದಿನ ನಾಲ್ಕು ಬಿಲ್ ಮಾಡಿದರೂ ಒಟ್ಟಿಗೇ ಲೆಕ್ಕ. ಬಿಲ್ ಒಡೆಯುವ ಉಪಾಯ ಹೇಳುವವರ ಮಾತು ಕೇಳಬೇಡಿ.

ಕಾರವಾರದವರು ಇನ್ನೊಂದನ್ನು ಗಮನಿಸಬೇಕು. 50,000 ರೂ. ಮತ್ತು ಮೇಲ್ಪಟ್ಟ ಬಿಲ್‌ನಲ್ಲಿ ನೋಂದಣಿಯಿಲ್ಲದ ಗಿರಾಕಿಯ ಹೆಸರು, ವಿಳಾಸ, ರಾಜ್ಯದ ಕೋಡ್ ಬರೆಯಲೇಬೇಕು. 2023ರ ಅಕ್ಟೋಬರ್‌ನಿಂದ ಬಿಲ್‌ನಲ್ಲಿರುವ ವಿಳಾಸವೇ ತೆರಿಗೆಯ ಜಾಗ. ಕಾಣಕೋಣದ ಗಿರಾಕಿ ಅಂಗಡಿಗೇ ಬಂದು ಕೊಂಡರೂ ವಿಳಾಸ ಗೋವಾದ್ದಾದರೆ ಕೋಡ್ 30, ತೆರಿಗೆ ಐಜಿಎಸ್‌ಟಿ (ಹೊರರಾಜ್ಯದ ಮಾರಾಟದ ಜಿಎಸ್‌ಟಿ). ಅಗ್ಗದ ಬಿಲ್ಲಿಂಗ್ ತಂತ್ರಾಂಶಗಳು ಕಣ್ಣುಮುಚ್ಚಿ ಕರ್ನಾಟಕದ ಕೋಡ್ 29 ಹಾಕಿ ತೆರಿಗೆಯನ್ನು ಕೇಂದ್ರ, ರಾಜ್ಯ ಎಂದು ಎರಡು ಪಾಲು ಮಾಡುತ್ತವೆ, ಸೆಟ್ಟಿಂಗ್ ನೋಡಿಕೊಳ್ಳಿ. ಲಕ್ಷ ದಾಟಿದ ಇಂಥ ಬಿಲ್‌ಗಳನ್ನು ಮಾರಾಟದ ವಿವರ ಸಲ್ಲಿಸುವ ಜಿಎಸ್‌ಟಿಆರ್-1 ರಿಟರ್ನ್‌ನಲ್ಲಿ ಒಂದೊಂದಾಗಿ ತೋರಿಸಬೇಕು. ಹೊರರಾಜ್ಯಕ್ಕೆ ಮಾರುವವರಿಗೆ ಕಾಂಪೊಸಿಶನ್ ಯೋಜನೆಯೂ (ಸಣ್ಣ ವ್ಯಾಪಾರಿಗಳು ವಹಿವಾಟಿನ ಮೇಲೆ ಕಡಿಮೆ ದರದಲ್ಲಿ ತೆರಿಗೆ ಕಟ್ಟುವ ಸರಳ ವ್ಯವಸ್ಥೆ) ಸಿಗದು.

ಥರ್ಮಲ್ ಕಾಗದದ ಬಿಲ್ ನೆಚ್ಚಬೇಡಿ. ಕರಾವಳಿಯ ಮಳೆಗಾಲದ ಥಂಡಿಗೆ ಅಕ್ಷರ ಮಾಸುತ್ತದೆ. ದಾಖಲೆಯನ್ನೋ ವಾರ್ಷಿಕ ರಿಟರ್ನ್‌ನ ಗಡುವಿನಿಂದ 72 ತಿಂಗಳು ಇಡಬೇಕು. ಇಂಕ್ ಪ್ರಿಂಟ್ ತೆಗೆದು ಫೈಲ್ ಮಾಡಿ.