ಎಕ್ಸ್‌ಪಿ ಮೈನ್‌ಸ್ವೀಪರ್: ಬೆಸ್ಟ್ ಟೈಮ್ಸ್ ಪಟ್ಟಿ ಏರುವ ಕಳ್ಳದಾರಿಗಳು

ಚೌಕಗಳಡಿ ಅಡಗಿದ ಮೈನ್ (ಬಾಂಬ್) ತಪ್ಪಿಸಿ ಉಳಿದ ಚೌಕ ತೆರೆಯುವ ಆಟ ಮೈನ್‌ಸ್ವೀಪರ್‌ನಲ್ಲಿ ಅಂಕಗಳಿಲ್ಲ, ಸಮಯ ಇಳಿದಷ್ಟೂ ದಾಖಲೆ ದೊಡ್ಡದು. ವಿಂಡೋಸ್ ಎಕ್ಸ್‌ಪಿ ಜೊತೆ ಬರುತ್ತಿದ್ದ ಆವೃತ್ತಿಯಲ್ಲಿ ಸಮಯ ಇಳಿಸಲು ಒಳದಾರಿಗಳಿವೆ. ಎಕ್ಸ್‌ಪಿ ನಂತರದ ವಿಂಡೋಸ್ ವಿಸ್ಟಾಗೆ ಆಟವನ್ನೇ ಹೊಸದಾಗಿ ಬರೆದರು, ಅಲ್ಲಿಂದಾಚೆಗೆ ಇವು ನಡೆಯವು. ಎಕ್ಸ್‌ಪಿ ಇರುವ ಹಳೆ ಕಂಪ್ಯೂಟರ್ ಅಥವಾ ವರ್ಚುವಲ್ ಮೆಷೀನ್ (ಈಗಿನ ಕಂಪ್ಯೂಟರಿನೊಳಗೇ ಇನ್ನೊಂದು ಕಂಪ್ಯೂಟರಿನಂತೆ ನಡೆಯುವ ತಂತ್ರಾಂಶ) ಬೇಕು.

ಮೊದಲು ಮೈನ್ ಪತ್ತೆ. ವಾಲ್‌ಪೇಪರ್ ತೆಗೆದು ಡೆಸ್ಕ್‌ಟಾಪ್‌ಗೆ ಒಂದೇ ಬಣ್ಣ ಹಾಕಿ; ಕಪ್ಪೂ ಬೇಡ, ಬಿಳಿಯೂ ಬೇಡ. ಬೇರೆ ವಿಂಡೋಗಳನ್ನೆಲ್ಲ ಮಿನಿಮೈಸ್ ಮಾಡಿ. ಆಟ ತೆರೆದು ಎಕ್ಸ್, ವೈ, ಝಡ್, ಝಡ್, ವೈ ಕೀಲಿಗಳನ್ನು ಸಾಲಾಗಿ ಒತ್ತಿ, ಆಮೇಲೆ ಶಿಫ್ಟ್ ಹಿಡಿದು ಎಂಟರ್ ಒತ್ತಿ. ಈಗ ಮೌಸನ್ನು ಚೌಕಗಳ ಮೇಲೆ ಆಡಿಸಿದರೆ ಪರದೆಯ ಎಡ ಮೇಲ್ತುದಿಯ ಒಂದೇ ಒಂದು ಪಿಕ್ಸೆಲ್ ಬಣ್ಣ ಬದಲಿಸುತ್ತದೆ. ಬಿಳಿಯಾದರೆ ಆ ಚೌಕ ಸುರಕ್ಷಿತ, ಕಪ್ಪಾದರೆ ಮೈನ್. ಚುಕ್ಕೆ ಕಣ್ಣಿಗೆ ಬೀಳದಿದ್ದರೆ ರೆಸಲ್ಯೂಷನ್ 800×600ಕ್ಕೆ ಇಳಿಸಿ.

ಒಂದು ಎಚ್ಚರ: ಮೊದಲ ಕ್ಲಿಕ್ಕಿಗೆ ಮುಂಚೆ ಮೈನ್‌ಗಳ ಜಾಗ ಗುರುತು ಹಾಕಿಕೊಳ್ಳಬೇಡಿ. ಮೊದಲ ಕ್ಲಿಕ್ ಮೈನ್ ಮೇಲೆ ಬಿದ್ದರೆ ಆಟ ಅದನ್ನು ಎತ್ತಿ ಎಡ ಮೇಲಿನ ಮೂಲೆಯ ಖಾಲಿ ಚೌಕಕ್ಕೆ ಹಾಕುತ್ತದೆ, ನಿಮ್ಮ ಗುರುತು ಅಲ್ಲೇ ತಪ್ಪಾಗುತ್ತದೆ.

ಬಿಗಿನರ್, ಇಂಟರ್‌ಮೀಡಿಯೆಟ್ ದಾಟಿದ ಕಠಿಣ ಹಂತ ಎಕ್ಸ್‌ಪರ್ಟ್‌ನಲ್ಲಿ 480 ಚೌಕ, 99 ಮೈನ್. ಗೆಲ್ಲಲು ಉಳಿದ 381 ತೆರೆದರೆ ಸಾಕು, ಬಾವುಟ ನೆಡುವುದು ಬರೀ ಸಮಯ ದಂಡ. ಆದರೂ ಪ್ರತಿ ಸಲ ಮೂಲೆ ನೋಡುತ್ತ ಆಡಿದರೆ ನಿಧಾನವೇ. ಆದ್ದರಿಂದ ಟೈಮರ್ ನಿಲ್ಲಿಸಬೇಕು. ಮೊದಲ ಕ್ಲಿಕ್ಕಿಗೇ ಅದು 1 ತೋರಿಸುತ್ತದೆ; ಆ ಕ್ಷಣ ವಿಂಡೋಸ್ ಕೀಲಿ ಹಿಡಿದು ಡಿ ಒತ್ತಿ, ಟಾಸ್ಕ್‌ಬಾರ್‌ನಿಂದ ಆಟಕ್ಕೆ ಮರಳಿ. ಅಂಕಿ ಅಲ್ಲೇ ನಿಂತಿರುತ್ತದೆ. ಇನ್ನು ನಿಧಾನವಾಗಿ ಆಡಿ.

ಆಡುವ ತಾಳ್ಮೆಯೇ ಇಲ್ಲದವರಿಗೆ ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಡುವ ರಿಜಿಸ್ಟ್ರಿ ಇದೆ, ದಾಖಲೆಯ ಸಮಯವೂ ಅಲ್ಲೇ. ಆಟ ಮುಚ್ಚಿ. ತೆರೆದಿಟ್ಟು ತಿದ್ದಿದರೆ, ಮುಚ್ಚುವಾಗ ಆಟ ತನ್ನ ಬಳಿಯಿರುವ ಹಳೆ ಅಂಕಿಯನ್ನೇ ಮತ್ತೆ ಬರೆದುಬಿಡಬಹುದು. ಸ್ಟಾರ್ಟ್ ಮೆನುವಿನ ರನ್‌ನಲ್ಲಿ ರೆಜ್‌ಎಡಿಟ್ (regedit) ತೆರೆದು, ಎಚ್‌ಕೀ ಕರೆಂಟ್ ಯೂಸರ್ ಅಡಿಯ ಸಾಫ್ಟ್‌ವೇರ್, ಮೈಕ್ರೋಸಾಫ್ಟ್, ವಿನ್‌ಮೈನ್‌ಗೆ ಹೋಗಿ. ಫೈಲ್ ಮೆನುವಿನ ಎಕ್ಸ್‌ಪೋರ್ಟ್ ಬಳಸಿ ಆ ಕೀಯ ಪ್ರತಿ ಇಟ್ಟುಕೊಳ್ಳಿ. ಅಲ್ಲಿ ಟೈಮ್1 ಬಿಗಿನರ್, ಟೈಮ್2 ಇಂಟರ್‌ಮೀಡಿಯೆಟ್, ಟೈಮ್3 ಎಕ್ಸ್‌ಪರ್ಟ್. ಡಬಲ್ ಕ್ಲಿಕ್ ಮಾಡಿ ಮೊದಲು ಡೆಸಿಮಲ್ ಆರಿಸಿ, ಆಮೇಲೆ ಸೆಕೆಂಡು ಬರೆಯಿರಿ. ಹೆಕ್ಸಾಡೆಸಿಮಲ್‌ನಲ್ಲೇ (ಹದಿನಾರರ ಎಣಿಕೆ) 60 ಬರೆದರೆ ಪಟ್ಟಿಯಲ್ಲಿ 96 ಕಾಣುತ್ತದೆ.

ಎಷ್ಟು ಬರೆಯಬೇಕು ಎಂಬುದರಲ್ಲೇ ಬಹಳ ಜನ ಸಿಕ್ಕಿಬೀಳುತ್ತಾರೆ. ಎಕ್ಸ್‌ಪರ್ಟ್‌ನಲ್ಲಿ ಜಗತ್ತಿನ ಅತಿ ವೇಗದವರೇ 30 ಸೆಕೆಂಡಿನ ಆಸುಪಾಸಿನಲ್ಲಿದ್ದಾರೆ. 1 ಕಂಡರೆ ಯಾರೂ ನಂಬರು. ಅಂತರರಾಷ್ಟ್ರೀಯ ಪಟ್ಟಿಗಳು ವಿಡಿಯೋ ದಾಖಲೆ ಕೇಳುವುದರಿಂದ ಇದೆಲ್ಲ ನಿಮ್ಮ ಕಂಪ್ಯೂಟರಿನ ಮಟ್ಟಿಗೇ. ಅಲ್ಲೂ ಬೇರೆಯವರು ಆಡುವ ಖಾತೆಯಾದರೆ ಕೈ ಹಾಕಬೇಡಿ: ಹಳೆಯದಕ್ಕಿಂತ ಕಡಿಮೆ ಸಮಯವನ್ನು ಮಾತ್ರ ಆಟ ಬರೆದುಕೊಳ್ಳುತ್ತದೆ, ನೀವು 1 ಹಾಕಿದ ಮೇಲೆ ಅವರ ನಿಜವಾದ ದಾಖಲೆಗೆ ಜಾಗವೇ ಇರದು.

ಹಿಂದಿನ ಸ್ಥಿತಿಗೆ ಬರಲು ಬೆಸ್ಟ್ ಟೈಮ್ಸ್ ಪಟ್ಟಿಯಲ್ಲಿರುವ ರೀಸೆಟ್ ಸ್ಕೋರ್ಸ್ ಒತ್ತಬೇಡಿ, ಅದು ಮೂರನ್ನೂ 999 ಮಾಡುತ್ತದೆ. ಆಟ ಮುಚ್ಚಿ, ಎಕ್ಸ್‌ಪೋರ್ಟ್ ಮಾಡಿಟ್ಟ ಫೈಲನ್ನು ಡಬಲ್ ಕ್ಲಿಕ್ ಮಾಡಿ.