ಟೈರಿಗೆ ಚೈನ್ ಕಟ್ಟೋದನ್ನ ಮನೆ ಅಂಗಳದಲ್ಲೇ ಕಲೀರಿ

ಜನವರಿ ಬಂತೆಂದರೆ ನಮ್ಮೂರ ಹುಡುಗರು ಕಾರು ಹತ್ತಿ ಮನಾಲಿಗೆ ಹೊರಡುತ್ತಾರೆ. ಹೊರಡೋ ಮುಂಚೆ, ಹಿಮದಲ್ಲಿ ಗಾಡಿ ಜಾರದ ಹಾಗೆ ಟೈರಿಗೆ ಕಬ್ಬಿಣದ ಚೈನ್ ಕಟ್ಟೋದು ಹೇಗೆ ಅಂತ ಕೇಳೋಕೆ ಒಬ್ಬರಲ್ಲ ಒಬ್ಬರು ನನ್ನ ಹತ್ತಿರ ಬರುತ್ತಾರೆ. ಬೆಂಗಳೂರಿನ ಎಎಸ್‌ಸಿ (ಸೇನೆಗೆ ರೇಷನ್ ಸಾಗಿಸೋ ಆರ್ಮಿ ಸರ್ವಿಸ್ ಕೋರ್) ಸೆಂಟರಿನಲ್ಲಿ ಡ್ರೈವಿಂಗ್ ಕಲಿತು, ಕಾಶ್ಮೀರದಿಂದ ಲಡಾಖ್‌ಗೆ ಹೋಗೋ ಜೋಜಿಲಾ ಘಾಟಿ ದಾಟಿ ರೇಷನ್ ಲಾರಿ ಓಡಿಸಿದವನು ನಾನು. ಅವರಿಗೆ ಹೇಳೋದನ್ನೇ ಇಲ್ಲಿ ಬರೆದಿದ್ದೇನೆ.

ಚೈನ್ ಕೊಳ್ಳುವಾಗ ಕಾರಿನ ಹೆಸರು ಹೇಳಿ ಕೇಳಬೇಡಿ. ಟೈರಿನ ಪಕ್ಕದಲ್ಲಿ ಅಚ್ಚಾಗಿರೋ ಅಂಕಿ ಬರಕೊಂಡು ಹೋಗಿ. ಕ್ರೆಟಾದಲ್ಲೇ ಒಂದು ಮಾಡೆಲ್‌ಗೆ 205/65 ಆರ್16, ಇನ್ನೊಂದಕ್ಕೆ 215/60 ಆರ್17 ಇರುತ್ತೆ. ಆ ಅಂಕಿ ಪೂರ್ತಿಯಾಗಿ ಚೈನಿನ ಡಬ್ಬಿ ಮೇಲೂ ಇರಬೇಕು. ನಮ್ಮಕ್ಕನ ಮಗ, ಅಂಗಡಿಯವನು 'ಎಲ್ಲಾ ಗಾಡಿಗೂ ಆಗುತ್ತೆ' ಅಂದದ್ದನ್ನು ನಂಬಿ ತಂದ. ಮನಾಲಿ ಪಕ್ಕದ ಸೋಲಂಗ್ ಹತ್ತಿರ ಇಳಿಜಾರಿನಲ್ಲಿ ಸಡಿಲವಾದ ಚೈನು ಒಳಗೆ ಬಡಿದೂ ಬಡಿದೂ ಬ್ರೇಕ್ ಎಣ್ಣೆ ಹೋಗೋ ಪೈಪನ್ನೇ ಕಿತ್ತುಹಾಕಿತು. ಗುಡ್ಡದ ಕಡೆ ತಿರುಗಿಸಿ ಹಿಮಕ್ಕೆ ಗುದ್ದಿ ನಿಲ್ಲಿಸಿದ. ಹಾಗಾಗಿ ಉಳಿದ.

ಏಣಿಯ ಮೆಟ್ಟಿಲಿನ ಹಾಗೆ ಅಡ್ಡಡ್ಡ ಇರೋ ಚೈನು ಅಗ್ಗ, ಆದರೆ ತಿರುವಿನಲ್ಲಿ ಪಕ್ಕಕ್ಕೆ ಜಾರುತ್ತೆ. ಬಲೆಯ ಹಾಗೆ ಓರೆಯಾಗಿ ಹೆಣೆದ ಡೈಮಂಡ್ ನಮೂನೆಯದಕ್ಕೇ ದುಡ್ಡು ಹಾಕಿ. ಚೈನಿನ ಬದಲು ಮಾರೋ ಪ್ಲಾಸ್ಟಿಕ್ ಪಟ್ಟಿಗಳನ್ನು ನಂಬಿ ಘಾಟಿ ಹತ್ತಬೇಡಿ. ಚೈನ್ ಹಾಕಲೇಬಾರದು ಅಂತ ಮ್ಯಾನುಯಲ್‌ನಲ್ಲೇ ಬರೆದಿರೋ ಕಾರುಗಳೂ ಇವೆ, ಮೊದಲು ಅದನ್ನು ಓದಿ.

ಎಂಜಿನ್ ಯಾವ ಚಕ್ರ ತಿರುಗಿಸುತ್ತೋ ಆ ಚಕ್ರಕ್ಕೆ ಚೈನು. ಸ್ವಿಫ್ಟ್, ಕ್ರೆಟಾಗಳಿಗೆ ಮುಂದೆ, ಇನ್ನೋವಾ ಕ್ರಿಸ್ಟಾಗೆ ಹಿಂದೆ. ಫೋರ್ ಬೈ ಫೋರ್ ಆದರೆ ನಾಲ್ಕಕ್ಕೂ ಕಟ್ಟಿದರೆ ಒಳ್ಳೆಯದು. ಒಂದೇ ಜೊತೆ ಇದ್ದರೆ ಮ್ಯಾನುಯಲ್ ಹೇಳಿದ ಕಡೆ ಕಟ್ಟಿ.

ಕಟ್ಟೋಕೆ ಸಮತಟ್ಟು ಜಾಗ ಹುಡುಕಿ. ಹ್ಯಾಂಡ್ ಬ್ರೇಕ್ ಹಾಕಿ, ಚಕ್ರಕ್ಕೆ ಕಲ್ಲು ಕೊಡಿ. ಸಿಕ್ಕು ಬಿಡಿಸಿದ ಚೈನನ್ನು ಟೈರಿನ ಮೇಲಿಂದ ಕಂಬಳಿ ಹೊದಿಸಿದ ಹಾಗೆ ಇಳಿಬಿಡಿ. ಕೊಕ್ಕೆಗಳ ಬಾಯಿ ಹೊರಗಡೆಗೇ ಇರಬೇಕು, ಒಳಗೆ ತಿರುಗಿದ್ದರೆ ಟೈರಿನ ಪಕ್ಕೆಯನ್ನು ಕೊಯ್ಯುತ್ತೆ. ಮೊದಲು ಒಳಗಿನ ಕೊಕ್ಕೆ, ಆಮೇಲೆ ಹೊರಗಿನದು. ಒಳಗಿನದು ಕಣ್ಣಿಗೆ ಕಾಣೋದಿಲ್ಲ, ಬೆರಳಿಗೇ ಗೊತ್ತಾಗಬೇಕು. ಸೆಂಟರಿನಲ್ಲಿ ಕಲಿಸಿದ ನಮ್ಮ ಉಸ್ತಾದರು ರಾತ್ರಿ ಟಾರ್ಚೂ ಕೊಡದೆ ಕಟ್ಟಿಸುತ್ತಿದ್ದರು. ಮೊದಮೊದಲು ಬೈದುಕೊಂಡಿದ್ದೆ. ಮೈನಸ್ ಹತ್ತರಲ್ಲಿ, ಹಿಂದೆ ಸೇನೆ ಲಾರಿಗಳ ಸಾಲು ನಿಂತಿರುವಾಗ, ಕೈ ತಾನಾಗಿ ಕೊಕ್ಕೆ ಹುಡುಕಿದ ದಿನ ಅವರಿಗೆ ಮನಸ್ಸಿನಲ್ಲೇ ಕೈ ಮುಗಿದೆ. ನೀವೂ ಅಂಗಳದಲ್ಲಿ ನಾಲ್ಕೈದು ಸಲ ಕಟ್ಟಿ ಬಿಚ್ಚಿ, ಕೊನೇ ಸಲ ಕಣ್ಣು ಮುಚ್ಚಿಕೊಂಡು. ಅಲ್ಲಿ ಬರಿಗೈಲಿ ಮಾತ್ರ ಬೇಡ. ಒದ್ದೆ ಚರ್ಮ ಆ ಕಬ್ಬಿಣಕ್ಕೆ ಅಂಟಿಕೊಳ್ಳುತ್ತೆ, ರಬ್ಬರ್ ಲೇಪದ ಗ್ಲೌಸ್ ಇರಲಿ.

ಕಟ್ಟಿದ ಮೇಲೆ ನೂರು ಮೀಟರ್ ಹೋಗಿ ನಿಲ್ಲಿಸಿ, ಇಳಿದು ಮತ್ತೆ ಬಿಗಿ ಮಾಡಿ. ಮೊದಲ ಸಲ ಎಷ್ಟೇ ಬಿಗಿದರೂ ಸಡಿಲವಾಗೇ ಆಗುತ್ತೆ.

ಗಂಟೆಗೆ 30 ಕಿ.ಮೀ. ಸಾಕು, 40 ದಾಟಲೇಬೇಡಿ. ಇಳಿಯುವಾಗ ಸೆಕೆಂಡ್ ಅಥವಾ ಫಸ್ಟ್ ಗೇರಿನಲ್ಲಿ ಎಂಜಿನ್ನೇ ಗಾಡಿ ಹಿಡಿಯಲಿ. ಬ್ರೇಕು, ಸ್ಟೇರಿಂಗು ಎರಡೂ ಮೆಲ್ಲಗೆ. ಟಪಟಪ ಬಡಿಯೋ ಸದ್ದು ಕೇಳಿದ ತಕ್ಷಣ ನಿಲ್ಲಿಸಿ ನೋಡಿ.

ಬರೀ ಡಾಂಬರಿನ ಮೇಲೆ ಚೈನ್ ಓಡಿಸಿದರೆ ಬೇಗ ತುಂಡಾಗುತ್ತೆ. ಮನಾಲಿಯಿಂದ ಲಾಹೌಲ್ ಕಡೆ ಹೋಗೋ ಅಟಲ್ ಸುರಂಗದಲ್ಲಿ ಜನ ಎಡವೋದು ಇಲ್ಲೇ. ಹೊರಗೆ ಹಿಮ, ಒಳಗೆ 9 ಕಿ.ಮೀ. ಬರಿ ರಸ್ತೆ. ನಡುವೆ ನಿಲ್ಲಿಸಿ ಬಿಚ್ಚೋ ಹಾಗಿಲ್ಲ. ಸುರಂಗದ ಬಾಯಿಗೆ ಮುಂಚೆ ಅಗಲ ಜಾಗದಲ್ಲಿ ಬಿಚ್ಚಿ, ಆಚೆ ಸಿಸ್ಸು ಹಳ್ಳಿ ಕಡೆ ಹಿಮ ಇದ್ದರೆ ಮತ್ತೆ ಕಟ್ಟಿ. ಬೇಜಾರಿನ ಕೆಲಸ, ಹತ್ತು ನಿಮಿಷ ಹಿಡಿಯುತ್ತೆ, ಆದರೂ ಮಾಡಿ.

ಊರಿಗೆ ಬಂದ ಮೇಲೆ ಚೈನನ್ನು ಸಿಹಿನೀರಿನಲ್ಲಿ ತೊಳೆದು, ಬಿಸಿಲಿಗೆ ಒಣಗಿಸಿ, ಮೊಳೆಗೆ ನೇತುಹಾಕಿ. ಸವೆದ ಕೊಂಡಿ ಕಂಡರೆ ಆಗಲೇ ಬದಲಿಸಿ.