ಪದ್ಮಿನಿ ಬಿಸಿಯಾಗ್ತಿದ್ಯಾ? ಫ್ಯಾನ್ ತರೋ ಮುಂಚೆ ಡೈನಮೋ ಲೆಕ್ಕ ಹಾಕಿ

ಸಿಗ್ನಲ್‌ನಲ್ಲಿ ನಿಂತಾಗ ಹಳೇ ಪದ್ಮಿನಿ ಕಾರು ಓಡ್ಸೋರ ಕಣ್ಣು ಕೆಂಪು ದೀಪಕ್ಕಿಂತ ಟೆಂಪರೇಚರ್ ಮುಳ್ಳಿನ ಮೇಲೇ ಜಾಸ್ತಿ ಇರತ್ತೆ. ಮುಳ್ಳು ಮೇಲಕ್ಕೆ ಹತ್ತಿದ ತಕ್ಷಣ ಜೆ.ಸಿ. ರೋಡಿಗೆ ಓಡಿ, ಮಾರುತಿ 800ರ ಹಳೇ ರೇಡಿಯೇಟರ್ ಫ್ಯಾನ್ ಒಂದು ತಂದು, ಬೀದಿ ಕೊನೆ ಎಲೆಕ್ಟ್ರಿಷಿಯನ್ ಕೈಲಿ ಎರಡು ವೈರ್ ಎಳೆಸಿ, "ಆಯ್ತು ಸಾರ್, ಇನ್ನು ಊಟಿಗೂ ಹೋಗ್ಬಹುದು" ಅನ್ನಿಸ್ಕೊಂಡು ಬರೋದು ನಮ್ಮಲ್ಲಿ ಮಾಮೂಲಿ. ನಾನೂ ಹಾಗೇ ಮಾಡಿದ್ದೆ. ಒಂದು ಸಂಜೆ ಮಳೆ, ಜಾಮು, ಹೆಡ್‌ಲೈಟ್, ವೈಪರ್, ಫ್ಯಾನ್ ಎಲ್ಲಾ ಒಟ್ಟಿಗೆ ಓಡ್ತಿತ್ತು, ಸಿಲ್ಕ್ ಬೋರ್ಡ್ ಹತ್ರ ಗಾಡಿ ಆಫ್ ಆಯ್ತು, ಮತ್ತೆ ಎಷ್ಟು ಸೆಲ್ಫ್ ಹೊಡೆದ್ರೂ ಟಿಕ್ ಟಿಕ್ ಅಷ್ಟೇ. ಇಂಜಿನ್ ತಣ್ಣಗಿತ್ತು, ಸತ್ತಿದ್ದು ಬ್ಯಾಟರಿ. ಅದಾದ್ಮೇಲೆ ಸ್ನೇಹಿತರ ಗಾಡಿಗಳಲ್ಲಿ ಕರಗಿದ ವೈರು, ತೂತು ಬಿದ್ದ ರೇಡಿಯೇಟರು, ಉಲ್ಟಾ ಊದೋ ಫ್ಯಾನು ಎಲ್ಲಾ ನೋಡಿ ಸಾಕಾಗಿ ಇದನ್ನ ಬರೀತಿದ್ದೀನಿ.

ಉದಾಹರಣೆಗೆ ಪದ್ಮಿನಿನೇ ಇಟ್ಕೊಳ್ತೀನಿ. 1964ರಲ್ಲಿ ಫಿಯಟ್ 1100 ಡಿಲೈಟ್ ಅಂತ ಮುಂಬೈನ ಕುರ್ಲಾದಿಂದ ಹೊರಗೆ ಬಂದು ಎಪ್ಪತ್ತರ ದಶಕದಲ್ಲಿ ಪದ್ಮಿನಿ ಆದ ಅದೇ 1089 ಸಿಸಿ ಗಾಡಿ. ಅಂಬಾಸಿಡರ್ ಇರೋರಿಗೂ ಲೆಕ್ಕ ಹೆಚ್ಚುಕಮ್ಮಿ ಇದೇ.

1. ಫ್ಯಾನೇ ತಪ್ಪಾ, ಮೊದಲು ನೋಡಿ

ಗಾಡಿ ಯಾವಾಗ ಬಿಸಿಯಾಗತ್ತೆ? ಜಾಮಲ್ಲಿ ನಿಂತಾಗ ಬಿಸಿಯಾಗಿ, ಹೊರಟ ಮೇಲೆ ಮುಳ್ಳು ಇಳಿದ್ರೆ ಗಾಳಿ ಸಾಲ್ತಿಲ್ಲ ಅಂತ, ಫ್ಯಾನ್ ವಿಷಯ ಮಾತಾಡ್ಬಹುದು. ಮೈಸೂರು ರೋಡಲ್ಲಿ ಎಪ್ಪತ್ತರಲ್ಲಿ ಹೋಗ್ತಿರೋವಾಗ ಬಿಸಿಯಾದ್ರೆ ಎಂಥಾ ಫ್ಯಾನ್ ಹಾಕಿದ್ರೂ ದಂಡ, ಯಾಕಂದ್ರೆ ಐವತ್ತು ದಾಟಿದ ಮೇಲೆ ಎದುರುಗಾಳಿನೇ ಫ್ಯಾನ್‌ಗಿಂತ ಜಾಸ್ತಿ ಕೆಲಸ ಮಾಡತ್ತೆ. ಆಗ ನೋಡ್ಬೇಕಾಗಿದ್ದು ಒಳಗೆ ಸುಣ್ಣ ಕಟ್ಟಿದ ರೇಡಿಯೇಟರ್, ಹಿಂದೆ ಬಿದ್ದ ಇಗ್ನಿಷನ್ ಟೈಮಿಂಗ್, ಸಡಿಲ ಬೆಲ್ಟು, ಒಳಕ್ಕೆ ಮುದುರಿಕೊಳ್ಳೋ ಕೆಳಗಿನ ಹೋಸ್, ಹೆಡ್ ಗ್ಯಾಸ್ಕೆಟ್.

ರೇಡಿಯೇಟರ್ ಮುಚ್ಚಳವನ್ನ ಯಾರೂ ಕೇರ್ ಮಾಡಲ್ಲ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ, ಇಲ್ಲಿ ನೀರು 97 ಡಿಗ್ರಿಗೇ ಕುದಿಯತ್ತೆ. ಮುಚ್ಚಳ ಹಿಡಿದಿಡೋ ಒಂದೊಂದು ಪಿಎಸ್‌ಐ ಒತ್ತಡಕ್ಕೂ ಕುದಿಯೋ ಬಿಂದು ಸುಮಾರು ಒಂದೂವರೆ ಡಿಗ್ರಿ ಮೇಲೆ ಹೋಗತ್ತೆ. ರಬ್ಬರ್ ಸತ್ತ ಮುಚ್ಚಳ ಅಂದ್ರೆ ಹತ್ತು ಡಿಗ್ರಿ ಕೈಬಿಟ್ಟ ಹಾಗೆ. ಹಾಗಂತ ಹೊಸ ಕಾರಿನ ಜಾಸ್ತಿ ಒತ್ತಡದ ಮುಚ್ಚಳ ತಂದು ಒತ್ತಬೇಡಿ, ಹಳೇ ಹಿತ್ತಾಳೆ ರೇಡಿಯೇಟರ್‌ನ ಬೆಸುಗೆ ಬಾಯಿ ಬಿಡತ್ತೆ. ಥರ್ಮೋಸ್ಟಾಟ್ (ಇಂಜಿನ್ ನೀರು ಬಿಸಿಯಾದ ಮೇಲಷ್ಟೇ ರೇಡಿಯೇಟರ್‌ಗೆ ಬಿಡೋ ಕವಾಟ) ಕಿತ್ತು ಬಿಸಾಡೋದು ನಮ್ಮ ಮೆಕ್ಯಾನಿಕ್‌ಗಳ ಹಳೇ ಚಾಳಿ, ದಯವಿಟ್ಟು ವಾಪಸ್ ಹಾಕ್ಸಿ, ಅದಿಲ್ದೆ ಇದ್ರೆ ಮುಂದೆ ಹೇಳೋ ಟೆಂಪರೇಚರ್ ಸ್ವಿಚ್ ಲೆಕ್ಕವೇ ಕೂರಲ್ಲ.

2. ಇರೋ ಬೆಲ್ಟ್ ಫ್ಯಾನ್ ನೋಡಿ

ಗಾಡಿ ಜೊತೆನೇ ಬಂದಿರೋ, ಇಂಜಿನ್ ಬೆಲ್ಟಿಂದ ತಿರುಗೋ ಫ್ಯಾನ್ ಇದು. ಇಂಜಿನ್ ಆಫ್ ಮಾಡಿ, ಟಾರ್ಚ್ ಹಿಡಿದು, ರೆಕ್ಕೆ ಬುಡದಲ್ಲಿ ರಿವೆಟ್ ಸುತ್ತ ಕೂದಲೆಳೆ ಬಿರುಕಿದ್ಯಾ ನೋಡಿ. ಲೋಹದ ರೆಕ್ಕೆ ದಶಕಗಟ್ಟಲೆ ನಡುಗಿ ಸುಸ್ತಾಗಿರತ್ತೆ, ಕಿತ್ತು ಹಾರಿದ್ರೆ ಬಾನೆಟ್ ಸೀಳ್ಕೊಂಡು ಬರತ್ತೆ, ಮೊದಲು ಸಿಗೋದು ಪಕ್ಕದಲ್ಲಿ ನಿಂತು ಆಕ್ಸಿಲರೇಟರ್ ಎಳೀತಿರೋರ ಮುಖ. ಬಿರುಕಿದ್ರೆ ವೆಲ್ಡಿಂಗ್ ಮಾಡಿಸ್ಬೇಡಿ, ಸೊಟ್ಟಾಗಿದ್ರೆ ಸುತ್ತಿಗೆಯಲ್ಲಿ ನೆಟ್ಟಗೆ ಮಾಡ್ಬೇಡಿ, ಬಿಸಾಕಿ ಬೇರೆ ಹಾಕಿ. ಜೊತೆಗೆ ರೇಡಿಯೇಟರ್ ಸುತ್ತ ಬಾಡಿ ಜೊತೆ ಇರೋ ಸಂದಿಗಳಿಗೆ ಫೋಮ್ ಪಟ್ಟಿ ತುಂಬಿ, ಆಗ ಗಾಳಿ ಪಕ್ಕದಿಂದ ನುಸುಳಿ ಹೋಗೋದು ನಿಲ್ಲತ್ತೆ.

ನನ್ನ ಅಭಿಪ್ರಾಯ ಇಲ್ಲೇ ಹೇಳ್ಬಿಡ್ತೀನಿ: ಡೈನಮೋ (ಇಂಜಿನ್ ಜೊತೆ ತಿರುಗಿ ಬ್ಯಾಟರಿ ಚಾರ್ಜ್ ಮಾಡೋ ಹಳೇ ಕಾಲದ ಜನರೇಟರ್) ಇರೋ ಗಾಡಿಗೆ ಒಳ್ಳೆ ಬೆಲ್ಟ್ ಫ್ಯಾನು, ಶುದ್ಧ ರೇಡಿಯೇಟರು, ಫ್ಯಾನ್ ಸುತ್ತ ಒಂದು ತಗಡಿನ ಶ್ರೌಡು ಅಂದ್ರೆ ಕವಚ, ಇಷ್ಟೇ ಸಾಕು. ಭಾನುವಾರದ ಓಡಾಟಕ್ಕೆ ಎಲೆಕ್ಟ್ರಿಕ್ ಫ್ಯಾನ್ ಬೇಡವೇ ಬೇಡ.

3. ಕರೆಂಟ್ ಲೆಕ್ಕ: ಎಲ್ಲರೂ ಎಡವೋದು ಇಲ್ಲೇ

ಅಂಗಡಿಯಲ್ಲಿ ಎಲ್ಲರೂ ಕೇಳೋದು ಎಷ್ಟು ಇಂಚು, ಎಷ್ಟು ರೆಕ್ಕೆ, ಎಷ್ಟು ಗಾಳಿ ಅಂತ. ಕೇಳ್ಬೇಕಾಗಿದ್ದು ಎಷ್ಟು ಆಂಪ್ ಎಳೆಯತ್ತೆ ಅಂತ.

ಫ್ಯಾನ್ ಬೇಕಾಗೋದು ಇಂಜಿನ್ ಐಡ್ಲಿಂಗ್‌ನಲ್ಲಿ ಇರೋವಾಗ, ಡೈನಮೋ ಕರೆಂಟೇ ಕೊಡದೇ ಇರೋದೂ ಐಡ್ಲಿಂಗ್‌ನಲ್ಲೇ. ಆ ಕಾಲದ ಬ್ರಿಟಿಷ್ ಗಾಡಿಗಳಲ್ಲಿ ಬರ್ತಿದ್ದ ಲೂಕಾಸ್ ಸಿ40 ಡೈನಮೋನೇ ತಗೊಳ್ಳಿ, ಚೆನ್ನಾಗಿ ತಿರುಗ್ತಿರೋವಾಗ ಅದು ಕೊಡೋದೇ 22 ಆಂಪ್, ಐಡ್ಲಿಂಗ್‌ಗೆ ಬಂದ್ರೆ ಕೆಂಪು ಲೈಟ್ ಮಿಣಕ್ ಮಿಣಕ್ ಅನ್ನತ್ತಲ್ಲ, ಅಂದ್ರೆ ಹತ್ರ ಹತ್ರ ಸೊನ್ನೆ. ಈಗ ಖರ್ಚು ಕೂಡಿಸಿ. 55 ವ್ಯಾಟಿನ ಎರಡು ಲೋ ಬೀಮ್ ಬಲ್ಬು ಸುಮಾರು 9 ಆಂಪ್, ಇಗ್ನಿಷನ್ ಮೂರೋ ನಾಲ್ಕೋ, ವೈಪರ್ ಎರಡೋ ಮೂರೋ, ಹಿಂದಿನ ಲೈಟು, ಮೀಟರ್ ಲೈಟು ಸೇರಿ ಇನ್ನೊಂದೆರಡು. ಹದಿನಾರು ಹದಿನೇಳು ಇಲ್ಲೇ ಆಯ್ತು. ಇದರ ಮೇಲೆ ಹತ್ತು ಆಂಪಿನ ಫ್ಯಾನ್ ಕೂರಿಸಿದ್ರೆ ಡೈನಮೋ ಪೂರ್ತಿ ತಿರುಗಿದ್ರೂ ಸಾಲಲ್ಲ, ಜಾಮಲ್ಲಂತೂ ಅಷ್ಟೂ ಬ್ಯಾಟರಿಯಿಂದಲೇ ಹೋಗ್ಬೇಕು, ಅರ್ಧ ಮುಕ್ಕಾಲು ಗಂಟೆ ಜಾಮಲ್ಲಿ ಸಿಕ್ಕೊಂಡ್ರೆ ಹಳೇ ಬ್ಯಾಟರಿ ಕಥೆ ಮುಗೀತು. ನನಗೆ ಆ ಸಂಜೆ ಆಗಿದ್ದು ಇದೇ.

ಡೈನಮೋ ಬದಲು ಆಲ್ಟರ್ನೇಟರ್ (ಐಡ್ಲಿಂಗ್‌ನಲ್ಲೂ ಒಂದಷ್ಟು ಕರೆಂಟ್ ಕೊಡೋ ಹೊಸ ಬಗೆ ಜನರೇಟರ್) ಇರೋ ಗಾಡಿ ಆದ್ರೆ ಅರ್ಧ ಚಿಂತೆ ಕಡಿಮೆ. ಆದ್ರೂ ನಂಬ್ಬೇಡಿ, ಅಳೆದು ನೋಡಿ: ಇಂಜಿನ್ ಬಿಸಿಯಿರ್ಲಿ, ಐಡ್ಲಿಂಗ್, ಹೆಡ್‌ಲೈಟ್, ವೈಪರ್, ಫ್ಯಾನ್ ಎಲ್ಲಾ ಆನ್ ಮಾಡಿ ಬ್ಯಾಟರಿ ಮೇಲೆ ಮಲ್ಟಿಮೀಟರ್ ಇಡಿ. 13ಕ್ಕಿಂತ ಮೇಲಿದ್ರೆ ನೆಮ್ಮದಿ. 12.5ಕ್ಕಿಂತ ಕೆಳಗೆ ಇಳೀತಾನೇ ಇದ್ರೆ ಚಾರ್ಜಿಂಗ್ ಸರಿಮಾಡೋವರೆಗೂ ಆ ಫ್ಯಾನ್ ನಿಮ್ಮ ಗಾಡಿಗಲ್ಲ.

ಫ್ಯಾನ್ ಎಷ್ಟು ಎಳೆಯತ್ತೆ ಅಂತ ಅಳೆಯೋಕೆ ಡಿಸಿ ಕ್ಲ್ಯಾಂಪ್ ಮೀಟರ್ ಬೇಕು. ಅಗ್ಗದ ಕ್ಲ್ಯಾಂಪ್ ಮೀಟರ್‌ಗಳು ಬರೀ ಎಸಿ ಕರೆಂಟ್ ತೋರಿಸ್ತವೆ, ಕೊಳ್ಳೋವಾಗ ನೋಡಿ. ಮಾಮೂಲಿ ಮಲ್ಟಿಮೀಟರ್‌ನ ಹತ್ತು ಆಂಪ್ ತೂತಲ್ಲಿ ಅಳೆಯೋಕೆ ಹೋಗ್ಬೇಡಿ, ಮೋಟರ್ ಸ್ಟಾರ್ಟ್ ಆಗೋ ಕ್ಷಣಕ್ಕೆ ಮಾಮೂಲಿಗಿಂತ ಎರಡು ಮೂರು ಪಟ್ಟು ಎಳೆಯತ್ತೆ, ಮೀಟರ್ ಫ್ಯೂಸ್ ಹೋಗತ್ತೆ. ನಂದು ಎರಡು ಹೋಗಿದೆ.

4. ಫ್ಯಾನ್ ಆರಿಸೋದು

ರೇಡಿಯೇಟರ್ ಹಿಂದೆ ಕೂತು ಗಾಳಿ ಎಳೆಯೋದು ಪುಲ್ಲರ್, ಮುಂದೆ ಗ್ರಿಲ್ ಕಡೆ ಕೂತು ತಳ್ಳೋದು ಪುಶರ್. ಜಾಗ ಇದ್ರೆ ಕಣ್ಣುಮುಚ್ಚಿ ಪುಲ್ಲರ್, ಯಾಕಂದ್ರೆ ಪುಶರ್ ಓಡದೇ ಇದ್ದಾಗ ಅದರ ಮೋಟರು, ಚೌಕಟ್ಟೇ ಎದುರುಗಾಳಿಗೆ ಅಡ್ಡ. ಜಾಗ ಅಳೆಯೋವಾಗ ಮೋಟರ್ ದಪ್ಪಕ್ಕೆ ಮೇಲೆ ಇನ್ನೊಂದು ಇಂಚು ಬಿಡಿ, ಬ್ರೇಕ್ ಹಾಕಿದಾಗ ಇಂಜಿನ್ ಮೌಂಟಿಂಗ್ ಮೇಲೆ ಮುಂದಕ್ಕೆ ವಾಲತ್ತೆ. ಬೆಲ್ಟ್ ಫ್ಯಾನ್ ತೆಗೆದ್ರೆ ವಾಟರ್ ಪಂಪ್ ಪುಲ್ಲಿಗೆ ಗಿಡ್ಡ ಬೋಲ್ಟ್ ಹಾಕ್ಸಿ, ಫ್ಯಾನ್ ದಪ್ಪ ಹೋದ ಮೇಲೆ ಹಳೇ ಉದ್ದದ ಬೋಲ್ಟ್ ಪೂರ್ತಿ ಒಳಗೆ ಹೋಗಿ ಪಂಪ್ ಬಾಡಿಗೆ ಉಜ್ಜತ್ತೆ.

ಪುಲ್ಲರ್ ಅಂತ ಮಾಡಿದ್ದನ್ನ ಮುಂದೆ ಕೂರಿಸಿ ಬರೀ ವೈರ್ ಅದಲುಬದಲು ಮಾಡಿದ್ರೆ ತಿರುಗೋದೇನೋ ತಿರುಗತ್ತೆ, ಗಾಳಿ ಅರ್ಧಂಬರ್ಧ, ರೆಕ್ಕೆಯ ಡೊಂಕು ಒಂದೇ ದಿಕ್ಕಿಗೆ ಅಂತ ಮಾಡಿರ್ತಾರೆ. ಕೆಲವು ಫ್ಯಾನ್‌ಗಳಲ್ಲಿ ರೆಕ್ಕೆನೂ ಬಿಚ್ಚಿ ಮಗುಚಿ ಹಾಕ್ಬಹುದು, ಅಂಥದ್ದು ಸಿಕ್ಕಿದ್ರೆ ತಗೊಳ್ಳಿ. ಪಾಸಿಟಿವ್ ಅರ್ತ್ ಇರೋ, ಅಂದ್ರೆ ಬ್ಯಾಟರಿ ಮೈನಸ್ ಬದಲು ಪ್ಲಸ್ಸನ್ನ ಬಾಡಿಗೆ ಕೊಟ್ಟಿರೋ ಹಳೇ ಗಾಡಿಯಲ್ಲಂತೂ ಕನೆಕ್ಷನ್ ಕೊಡೋ ಮುಂಚೆ ದಿಕ್ಕು ಎರಡು ಸಲ ನೋಡಿ.

ಗುಜರಿ ಫ್ಯಾನ್ ತಪ್ಪಲ್ಲ, ಕಂಪನಿ ಕಾರಿನ ಫ್ಯಾನ್ ಶ್ರೌಡ್ ಸಮೇತ ಸಿಕ್ಕಿದ್ರೆ ಡಬ್ಬದ ಮೇಲೆ ರೇಸಿಂಗ್ ಅಂತ ಬರೆದ ಹೊಸ ಫ್ಯಾನ್‌ಗಿಂತ ಎಷ್ಟೋ ವಾಸಿ. ಆ ರೇಸಿಂಗ್ ಡಬ್ಬದ ಮೇಲಿರೋ ಗಾಳಿಯ ನಂಬರ್ ಮುಂದೆ ರೇಡಿಯೇಟರೇ ಇಲ್ದೆ ಅಳೆದಿದ್ದು. ಗುಜರಿದಾದ್ರೆ ರೆಕ್ಕೆ ಹಿಡಿದು ಆಚೀಚೆ ಅಲ್ಲಾಡಿಸಿ, ಬುಷ್ ಸವೆದಿದ್ರೆ ಗೊತ್ತಾಗತ್ತೆ, ಅಲ್ಲೇ ಬ್ಯಾಟರಿಗೆ ಕೊಟ್ಟು ಹತ್ತು ನಿಮಿಷ ಓಡಿಸಿ ಮೋಟರ್ ಮುಟ್ಟಿ ನೋಡಿ, ಅಂಗಡಿಯವ್ನು ಗೊಣಗಿದ್ರೆ ಗೊಣಗ್ಲಿ.

5. ಕೂರಿಸೋದು

ಪಕ್ಕದ ಚೌಕಟ್ಟಿಗೆ ಬ್ರಾಕೆಟ್ ಹಾಕಿ ಕೂರಿಸಿ. ರೇಡಿಯೇಟರ್ ಜಾಲರಿ ಮಧ್ಯೆ ಪ್ಲಾಸ್ಟಿಕ್ ಟೈ ತೂರಿಸಿ ಬಿಗಿಯೋ ಕಿಟ್ ಬರತ್ತಲ್ಲ, ಅದು ನಡುಗಿ ನಡುಗಿ ಗರಗಸದ ಹಾಗೆ ಟ್ಯೂಬ್ ಕೊಯ್ಯತ್ತೆ. ಅದನ್ನ ಮನೇಲಿ ವೈರ್ ಕಟ್ಟೋಕೆ ಇಟ್ಕೊಳ್ಳಿ.

6. ವೈರಿಂಗ್

ಇದನ್ನ ನಿಧಾನಕ್ಕೆ ಓದಿ, ಗಾಡಿಗೆ ಬೆಂಕಿ ಬೀಳೋದು ಇಲ್ಲಿಂದ.

ಮೊದಲು ಬ್ಯಾಟರಿ ಟರ್ಮಿನಲ್ ಒಂದು ಬಿಚ್ಚಿಡಿ. ಫ್ಯಾನ್ ಕರೆಂಟನ್ನ ಹಳೇ ಫ್ಯೂಸ್ ಬಾಕ್ಸಿಂದಾಗ್ಲಿ ಇಗ್ನಿಷನ್ ಕೀಯಿಂದಾಗ್ಲಿ ತಗೊಳ್ಲೇಬೇಡಿ, ಹಳೇ ಫಿಯಟ್‌ನ 8 ಆಂಪ್ ಫ್ಯೂಸ್ ಇದಕ್ಕೆ ಮಾಡಿದ್ದಲ್ಲ, ಅದು ಹಾರಿದಾಗ ಸಿಗರೇಟ್ ಬೆಳ್ಳಿ ಕಾಗದ ಸುತ್ತೋ ಮಹಾನುಭಾವರು ನಮ್ಮಲ್ಲಿ ಇನ್ನೂ ಇದ್ದಾರೆ. ಬ್ಯಾಟರಿ ಪ್ಲಸ್‌ನಿಂದ ನೇರವಾಗಿ ಬೇರೆ ವೈರ್ ಎಳೀರಿ, ಬ್ಯಾಟರಿಯಿಂದ ಒಂದು ಗೇಣಿನೊಳಗೇ ಫ್ಯೂಸ್ ಬರ್ಬೇಕು. ಫ್ಯೂಸ್ ಫ್ಯಾನ್ ಹತ್ರ ಹಾಕಿದ್ರೆ ಮಧ್ಯದ ಎರಡು ಮೀಟರ್ ವೈರ್ ಬಾಡಿಗೆ ಉಜ್ಜಿ ಶಾರ್ಟ್ ಆದಾಗ ಅದನ್ನ ಕಾಯೋರು ಯಾರೂ ಇಲ್ಲ. ಹತ್ತು ಹನ್ನೆರಡು ಆಂಪಿನ ಫ್ಯಾನ್‌ಗೆ 20 ಆಂಪ್ ಫ್ಯೂಸ್, 4 ಸ್ಕ್ವೇರ್ ಎಂಎಂ ವೈರ್. ಇದು ಜಾಸ್ತಿ ಅಂತ ಎಲೆಕ್ಟ್ರಿಷಿಯನ್ ನಗ್ತಾನೆ, ನಗ್ಲಿ. ಅವನು ಹಾಕೋ 1 ಸ್ಕ್ವೇರ್ ಎಂಎಂ ವೈರಲ್ಲಿ ಮೂರು ಮೀಟರಿಗೆ ಮುಕ್ಕಾಲು ವೋಲ್ಟ್ ಹತ್ರ ದಾರೀಲೇ ಕರಗತ್ತೆ, ಮೈನಸ್ ಕಡೆನೂ ಅಂಥದ್ದೇ ವೈರ್ ಆದ್ರೆ ಅದರ ಎರಡರಷ್ಟು, ಫ್ಯಾನ್ ಸೊರಗಿ ತಿರುಗತ್ತೆ, ವೈರ್ ಬಿಸಿಯಾಗತ್ತೆ, ಮೇಲಾಗಿ ಅರೆಬರೆ ಶಾರ್ಟ್ ಆದ್ರೆ 20ರ ಫ್ಯೂಸ್ ಹಾರೋ ಮುಂಚೆ ವೈರ್ ಮೇಲಿನ ಪ್ಲಾಸ್ಟಿಕ್ ಕರಗಬಹುದು.

ಫ್ಯೂಸ್‌ಗೂ ಫ್ಯಾನ್‌ಗೂ ಮಧ್ಯೆ ಒಂದು ರಿಲೇ ಬೇಕು, ಅಂದ್ರೆ ಸಣ್ಣ ಕರೆಂಟಿಂದ ದೊಡ್ಡ ಕರೆಂಟನ್ನ ಆನ್ ಆಫ್ ಮಾಡೋ ಸ್ವಿಚ್. ಅದರ ಕಾಲುಗಳ ಮೇಲೆ ನಂಬರ್ ಇರತ್ತೆ. 30ಕ್ಕೆ ಫ್ಯೂಸಿಂದ ಬಂದ ವೈರ್, 87ರಿಂದ ಫ್ಯಾನ್‌ಗೆ, 86ಕ್ಕೆ ಕೀ ಆನ್ ಮಾಡಿದಾಗ ಮಾತ್ರ ಕರೆಂಟ್ ಬರೋ ಸಣ್ಣ ವೈರ್, 85ರಿಂದ ಟೆಂಪರೇಚರ್ ಸ್ವಿಚ್ ಮೂಲಕ ಅರ್ತ್‌ಗೆ. ಡ್ಯಾಶ್‌ಬೋರ್ಡಲ್ಲಿ ಕೈಯಿಂದ ಹಾಕೋ ಸ್ವಿಚ್ ಒಂದು ಬೇಕು, ಅದನ್ನ ಟೆಂಪರೇಚರ್ ಸ್ವಿಚ್‌ಗೆ ಪ್ಯಾರಲಲ್ ಆಗಿ ಕೊಡಿ, ಎರಡರಲ್ಲಿ ಯಾವುದು ಆನ್ ಆದ್ರೂ ಫ್ಯಾನ್ ತಿರುಗ್ಬೇಕು. ಬರೀ ಕೈ ಸ್ವಿಚ್ ನೆಚ್ಕೊಂಡ್ರೆ ಒಂದಿನ ಮರೀತೀರ. 87ರಿಂದ ಒಂದು ಸಣ್ಣ ಇಂಡಿಕೇಟರ್ ಲೈಟ್ ಎಳೆದಿಡಿ. ಆಫ್ ಮಾಡಿದ ಮೇಲೂ ಫ್ಯಾನ್ ಓಡ್ತಿರ್ಲಿ ಅಂತ ಕೆಲವರು ಹೇಳ್ತಾರೆ, ನಾನು ಒಪ್ಪಲ್ಲ, ವಾಟರ್ ಪಂಪ್ ನಿಂತ ಮೇಲೆ ರೇಡಿಯೇಟರ್ ಒಳಗಿನ ನೀರಷ್ಟೇ ತಣ್ಣಗಾಗತ್ತೆ, ಇಂಜಿನ್ ಹಾಗೇ ಇರತ್ತೆ, ಬ್ಯಾಟರಿ ಖಾಲಿ.

ಫ್ಯಾನಿನ ಮೈನಸ್ ವೈರೂ ಅಷ್ಟೇ ದಪ್ಪ ಇರ್ಬೇಕು, ಬಣ್ಣ ಕೆರೆದು ತಗಡು ಹೊಳೆಯೋ ಜಾಗಕ್ಕೆ ಬಿಗೀರಿ. ಜಾಯಿಂಟ್ ತಿರುಚಿ ಟೇಪ್ ಸುತ್ತೋದು ಬೇಡ, ಬಾನೆಟ್ ಕೆಳಗಿನ ಬಿಸಿಗೆ ಟೇಪ್ ಅಂಟು ಜಾರತ್ತೆ. ಕ್ರಿಂಪ್ ಮಾಡಿ (ಲೋಹದ ತುದಿ ಹಾಕಿ ಇಕ್ಕಳದಲ್ಲಿ ಒತ್ತಿ) ಹೀಟ್ ಶ್ರಿಂಕ್ (ಬಿಸಿಗೆ ಕುಗ್ಗಿ ಅಂಟ್ಕೊಳ್ಳೋ ಕೊಳವೆ) ಹಾಕಿ.

7. ಟೆಂಪರೇಚರ್ ಸ್ವಿಚ್

ಥರ್ಮೋಸ್ಟಾಟ್ 82 ಡಿಗ್ರಿಗೆ ತೆರೆಯೋದಾದ್ರೆ ಫ್ಯಾನ್ 92ರ ಆಸುಪಾಸು ಆನ್ ಆಗಿ 87ರ ಹತ್ರ ಆಫ್ ಆಗೋ ಸ್ವಿಚ್ ಸರಿ. ಆಫ್ ಆಗೋದು 82ಕ್ಕಿಂತ ಕೆಳಗಿದ್ರೆ ಫ್ಯಾನ್ ನಿಲ್ಲೋದೇ ಇಲ್ಲ, ಥರ್ಮೋಸ್ಟಾಟ್ ಅಷ್ಟು ಕೆಳಗೆ ಇಳಿಯೋಕೇ ಬಿಡಲ್ಲ. ಹೋಸ್ ಬಾಯಲ್ಲಿ ತೆಳು ತಂತಿ ತೂರಿಸೋ ಅಗ್ಗದ ಕಿಟ್ ಅಲ್ಲೇ ಸೋರತ್ತೆ. ಮೇಲಿನ ಹೋಸ್ ಕತ್ತರಿಸಿ ಮಧ್ಯೆ ಹಿತ್ತಾಳೆ ತುಂಡು ಕೂರಿಸಿ ಅದಕ್ಕೆ ಸ್ವಿಚ್ ತಿರುಗಿಸಿ. ಒಂದೇ ಟರ್ಮಿನಲ್ ಸ್ವಿಚ್ ಆದ್ರೆ ಆ ಹಿತ್ತಾಳೆಗೆ ಅರ್ತ್ ವೈರ್ ಕೊಡ್ಲೇಬೇಕು, ಎರಡೂ ಕಡೆ ರಬ್ಬರ್ ಇರೋದ್ರಿಂದ ಅರ್ತ್ ಇಲ್ಲ, ಫ್ಯಾನ್ ತಿರುಗಲ್ಲ, ಆಮೇಲೆ ಸ್ವಿಚ್ ಸರಿಯಿಲ್ಲ ಅಂತ ಅಂಗಡಿಯವ್ನ ಜೊತೆ ಜಗಳ. ಇನ್ನೊಂದು, ನೀರು ಕಡಿಮೆಯಾಗಿ ಸ್ವಿಚ್ ತುದಿ ಗಾಳಿಯಲ್ಲಿದ್ರೆ ಅದಕ್ಕೆ ಬಿಸಿನೇ ಸರಿಯಾಗಿ ತಾಗಲ್ಲ, ವಾರಕ್ಕೊಂದು ಸಲ ತಣ್ಣಗಿರೋವಾಗ ಮುಚ್ಚಳ ತೆಗೆದು ನೋಡಿ.

8. ಪರೀಕ್ಷೆ

ಫ್ಯಾನ್ ಆನ್ ಮಾಡಿ ಗ್ರಿಲ್ ಮುಂದೆ ಒಂದು ಹಾಳೆ ನ್ಯೂಸ್‌ಪೇಪರ್ ಹಿಡೀರಿ. ಒಳಗೆ ಎಳ್ಕೊಂಡು ಅಂಟ್ಕೊಂಡ್ರೆ ಸರಿ, ಹೊರಗೆ ತಳ್ಳಿದ್ರೆ ಉಲ್ಟಾ. ನಾನು ನೋಡಿದ ಒಂದು ಗಾಡಿ ಎರಡು ವರ್ಷ ಉಲ್ಟಾ ಫ್ಯಾನಲ್ಲೇ ಓಡಾಡಿತ್ತು, ಪಾಪ ಓನರ್ ಮೂರು ಸಲ ರೇಡಿಯೇಟರ್ ಬಿಚ್ಚಿಸಿ ಕ್ಲೀನ್ ಮಾಡ್ಸಿದ್ರು.

ಆಮೇಲೆ ಮನೆ ಮುಂದೆ ಅರ್ಧ ಗಂಟೆ ಐಡ್ಲಿಂಗ್‌ನಲ್ಲಿ ನಿಲ್ಲಿಸಿ, ಫ್ಯಾನ್ ತಾನಾಗೇ ಆನ್ ಆಗಿ ಆಫ್ ಆಗೋದನ್ನ ಮೂರು ಸಲ ನೋಡಿ, ಪ್ರತಿ ಸಲ ಫ್ಯೂಸ್ ಹೋಲ್ಡರ್, ರಿಲೇ ಮುಟ್ಟಿ ನೋಡಿ, ಬೆಚ್ಚಗಿದ್ರೆ ಪರವಾಗಿಲ್ಲ, ಕೈ ಇಡೋಕಾಗದಷ್ಟು ಸುಟ್ರೆ ಜಾಯಿಂಟ್ ಸಡಿಲ. ಕೀ ಆನ್ ಇದ್ರೆ ಇಂಜಿನ್ ನಿಂತಿದ್ರೂ ಫ್ಯಾನ್ ಯಾವಾಗ ಬೇಕಾದ್ರೂ ತಿರುಗ್ಬಹುದು, ಟೈ, ವೇಲ್, ಮಕ್ಕಳ ಬೆರಳು ಎಲ್ಲಾ ದೂರ. ಡ್ಯಾಶ್‌ಬೋರ್ಡ್ ಡಬ್ಬಿಯಲ್ಲಿ ಒಂದು ರಿಲೇ, ಎರಡು 20 ಆಂಪ್ ಫ್ಯೂಸ್, ಒಂದು ಮೊಳ ವೈರ್ ಇಟ್ಟಿರಿ, ಶಿರಾಡಿ ಘಾಟಿ ಮಧ್ಯೆ ಸ್ಪೇರ್ಸ್ ಅಂಗಡಿ ಇರಲ್ಲ.